ಅತ್ತೆಯ ಬಾಯಲ್ಲಿ ಮಾವನ ಹಲ್ಲು

ಹಲ್ಲಿಲ್ಲದವರ ಬಗ್ಗೆ ದೊಡ್ಡ ಸೊಸೆಗೆ ಎಳ್ಳಷ್ಟೂ ಮರ್ಯಾದೆ ಇರಲಿಲ್ಲ. ಹಲ್ಲಿದ್ದವರ ಬಗ್ಗೆ ಇತ್ತು ಅಂತೇನಲ್ಲ. ಹಲ್ಲಿದ್ದವರು ಅವಳ ಅಂಗಡಿಗೆ ಬರುತ್ತಿರಲಿಲ್ಲ, ಹಾಗಾಗಿ ಬದುಕಿಕೊಂಡಿದ್ದರು.

ಮನೆಯ ಮುಂಭಾಗವೇ ಅಂಗಡಿ. ಬೀದಿಯಿಂದ ಮೆಟ್ಟಿಲು ಹತ್ತಿದರೆ ಗಾಜಿನ ಬಾಗಿಲು, ಬಾಗಿಲೊಳಗೆ ಮೇಜು, ಮೇಜಿನ ಹಿಂದೆ ಮಾವನವರ ಕುರ್ಚಿ. ಕುರ್ಚಿಯ ಬೆನ್ನಿಗೆ ತೆಳು ಹಲಗೆಯ ಗೋಡೆ. ಅದರಾಚೆ ಅವಳ ಗಂಡ ದೀಪದ ಕೆಳಗೆ ಬಗ್ಗಿಕೊಂಡು, ಮೇಣದ ವಸಡಿನ ಮೇಲೆ ಒಂದೊಂದೇ ಹಲ್ಲು ಕೂರಿಸುತ್ತಿದ್ದ. ಮೈದುನ ಊರೆಲ್ಲ ಸುತ್ತಿ ಹಲ್ಲಿನ ಡಾಕ್ಟರುಗಳ ಹತ್ತಿರ ಕೆಲಸ ತರುತ್ತಿದ್ದ. ಡಾಕ್ಟರು ರೋಗಿಯ ಬಾಯಿಯ ಪಡಿಯಚ್ಚು ತೆಗೆದು ಕಳಿಸಿದರೆ, ಇಲ್ಲಿ ಅದರೊಳಗೆ ಪ್ಲಾಸ್ಟರು ಸುರಿದು ಒಂದು ಬಿಳಿ ದವಡೆ ಮಾಡುತ್ತಿದ್ದರು. ಅದೇ ಅಚ್ಚು. ಹಲ್ಲಿನ ಸೆಟ್ಟು ಅದರ ಮೇಲೆಯೇ ತಯಾರಾಗುತ್ತಿತ್ತು. ಸೆಟ್ಟು ಹೋದ ಮೇಲೂ ಅಚ್ಚನ್ನು ಎಸೆಯುತ್ತಿರಲಿಲ್ಲ. ಜನ ಸೆಟ್ಟನ್ನು ಬಚ್ಚಲಲ್ಲಿ ಬೀಳಿಸುತ್ತಾರೆ, ಅದರ ಮೇಲೆ ಕೂರುತ್ತಾರೆ, ನಾಯಿಗೆ ಕೊಡುತ್ತಾರೆ. ಆಮೇಲೆ ಓಡಿ ಬಂದು "ಹಾಗೇ ಇನ್ನೊಂದು" ಎನ್ನುತ್ತಾರೆ. ಅಚ್ಚಿದ್ದರೆ ಹಾಗೇ ಇನ್ನೊಂದು. ಅದಕ್ಕೇ ಹಿಂದುಗಡೆ ಒಂದು ಇಡೀ ಕೋಣೆ, ನೆಲದಿಂದ ಸೂರಿನವರೆಗೆ ಗೂಡುಗಳು, ಗೂಡಿಗೊಂದು ರಟ್ಟಿನ ಡಬ್ಬಿ, ಡಬ್ಬಿಗೊಂದು ಬಾಯಿ. ಊರಿನ ಅರ್ಧ ಮುದುಕರು ಆ ಕೋಣೆಯಲ್ಲಿ ಬಾಯಿ ಕಳೆದುಕೊಂಡು ಕೂತಿದ್ದರು.

"ಇದ್ದಾಗ ಉಜ್ಜಲಿಲ್ಲ. ಹೋದ ಮೇಲೆ ಬಂದು ಮುತ್ತಿನ ಸಾಲು ಕೇಳ್ತಾರೆ," ಎನ್ನುತ್ತಿದ್ದಳು ದೊಡ್ಡ ಸೊಸೆ. "ಆ ಮುಖಕ್ಕೆ ಮುತ್ತಂತೆ! ಹುರಿಗಡಲೆ ಬಣ್ಣದ್ದೇ ಹೆಚ್ಚಾಯ್ತು."

"ಮೆಲ್ಲಗೆ ಕಣೇ, ಗಿರಾಕಿ ಕೂತಿದಾರೆ," ಎಂದು ಹಲಗೆಯಾಚೆಯಿಂದ ಗಂಡ.

"ಕೂತಿರ್ಲಿ. ಅವರಿಗೆ ಕಿವೀನೂ ಕೇಳಲ್ಲ."

ಇಷ್ಟೆಲ್ಲ ತಾತ್ಸಾರವಿದ್ದವಳಿಗೆ ಒಂದೇ ಒಂದು ಆಸೆ ಇತ್ತು: ಮಾವನವರ ಕುರ್ಚಿ. ಮದುವೆಯಾಗಿ ಬಂದಾಗಿನಿಂದ ಪ್ಲಾಸ್ಟರು ಕಲಸಿದ್ದಳು, ಮೇಣ ಕಾಯಿಸಿದ್ದಳು, ಅಚ್ಚು ಉಜ್ಜಿದ್ದಳು. ಬಂದವರನ್ನು "ಬನ್ನಿ, ಕೂತ್ಕೊಳ್ಳಿ, ಏನಾಯ್ತು" ಎಂದು ಕೇಳುವ ಅಧಿಕಾರ ಮಾತ್ರ ಸಿಕ್ಕಿರಲಿಲ್ಲ. ಕುರ್ಚಿಯಲ್ಲಿ ಕೂತವರೇ ಅಂಗಡಿ. ಒಳಗೆ ದುಡಿಯುವವರೆಲ್ಲ ಅಂಗಡಿಯ ಸಾಮಾನು.

ಮಾವನವರಿಗೆ ಈಚೆಗೆ ಮರೆವು ಹತ್ತಿತ್ತು. ಅಚ್ಚಿನ ಕೋಣೆಗೆ ಅವರ ತಲೆಯೇ ಪಟ್ಟಿಯಾಗಿತ್ತು. ಡಬ್ಬಿಯ ಮೇಲೆ ಅವರದೇ ದುಂಡು ಅಕ್ಷರದ ಚೀಟಿ ಇರುತ್ತಿತ್ತು, ಹೆಸರು, ಕಳಿಸಿದ ಡಾಕ್ಟರು, ಫೋನು ಎಂದು. ಆದರೆ ಯಾವ ಡಬ್ಬಿ ಯಾವ ಗೂಡಲ್ಲಿ ಎನ್ನುವುದು ಅವರೊಬ್ಬರಿಗೇ ಗೊತ್ತು. ಈಗ ಒಳಗೆ ಹೋದವರು ಏನು ಹುಡುಕಲು ಬಂದೆನೆಂದೇ ಮರೆತು, ಯಾರದೋ ದವಡೆ ಹಿಡಿದುಕೊಂಡು ಹೊರಗೆ ಬರುತ್ತಿದ್ದರು. ಕೊನೆಗೊಂದು ದಿನ ಊಟಕ್ಕೆ ಕೂತಾಗ ತಾವೇ ಹೇಳಿದರು: "ನನ್ನ ಕೈಲಿ ಇನ್ನಾಗಲ್ಲ. ಕೋಣೇನ ಕಂಪ್ಯೂಟರಿಗೆ ಹಾಕಿ. ಯಾರು ನೆಟ್ಟಗೆ ನಡೆಸ್ಕೊಂಡು ಹೋಗ್ತೀರೋ ಅವರಿಗೆ ಆ ಕುರ್ಚಿ."

"ಯಾರು" ಎಂದರೆ ಇಬ್ಬರೇ. ದೊಡ್ಡ ಸೊಸೆ, ಮತ್ತು ಅವಳ ಓರಗಿತ್ತಿ, ಮೈದುನನ ಹೆಂಡತಿ. ಈ ಎರಡನೆಯವಳು ಕಾಲೇಜು ಮುಗಿಸಿ ಬಂದವಳು. ಬಂದ ವಾರದಲ್ಲೇ ದೊಡ್ಡ ಸೊಸೆ ಅವಳಿಗೆ 'ಡಿಗ್ರಿ' ಎಂದು ಹೆಸರಿಟ್ಟಳು. ಈಗ ಮನೆಯಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ಅವಳ ಗಂಡ ಕೂಡ. ಡಿಗ್ರಿ ಅದಕ್ಕೆ ಯಾವತ್ತೂ ಬೇಸರ ತೋರಿಸಿರಲಿಲ್ಲ. ಬೇಸರ, ಸಂತೋಷ, ಹಸಿವು, ಯಾವುದನ್ನೂ ತೋರಿಸುವ ಅಭ್ಯಾಸ ಆ ಮುಖಕ್ಕಿರಲಿಲ್ಲ. ತೊಳೆದಿಟ್ಟ ತಟ್ಟೆಯ ಹಾಗೆ ಇರುತ್ತಿತ್ತು.

ಮೈದುನ ಯಾವುದೋ ಸಾದಾ ತಂತ್ರಾಂಶ ಹಾಕಿಸಿ ತಂದ. ಮೇಜಿನ ಮೇಲೆ ಪರದೆ ಕೂತಿತು, ಸುತ್ತಲೂ ಮನೆಯವರು ಕೂತರು. ತಂತ್ರಾಂಶ ಮೊಟ್ಟಮೊದಲು ಕೇಳಿದ್ದು ಒಂದೇ ಪ್ರಶ್ನೆ. ಒಂದು ದಾಖಲೆಯನ್ನು ಇನ್ನೊಂದರಿಂದ ಬೇರೆ ಮಾಡುವ ಗುರುತು ಯಾವುದು? ಆ ಗುರುತು ಒಂದು ದಾಖಲೆಗೆ ಮಾತ್ರ ಇರಬೇಕು.

"ಹೆಸರು ಅಂತ ಹಾಕಮ್ಮ," ಎಂದರು ಮಾವ.

"ಹೆಸರಾ? ಮಾವ, ಒಂದೇ ಹೆಸರಿನೋರು ಬೀದಿಗೊಬ್ಬರು ಸಿಗ್ತಾರೆ," ಎಂದಳು ದೊಡ್ಡ ಸೊಸೆ. "ಅದೂ ನೆಟ್ಟಗೆ ಹೇಳ್ತಾರಾ? ಬಾಯಲ್ಲಿ ಹಲ್ಲಿಲ್ಲ, ಹೆಸರಲ್ಲಿ ಅರ್ಧ ಗಾಳಿ."

ಡಿಗ್ರಿ ಮೆತ್ತಗೆ ಬಾಯಿ ತೆರೆದಳು. "ನಾವೇ ಒಂದು ಕ್ರಮಸಂಖ್ಯೆ ಕೊಡೋಣ ಅಕ್ಕ. ಜನರದು ಒಂದು ಪಟ್ಟಿ, ಅಚ್ಚುಗಳದು ಇನ್ನೊಂದು ಪಟ್ಟಿ. ಯಾರಿಗೆ ಯಾವ ಅಚ್ಚು ಅಂತ ಎರಡನ್ನೂ ಜೋಡಿಸಿದ್ರೆ ಆಯ್ತು."

"ಎರಡು ಪಟ್ಟಿ! ಒಂದು ಬಾಯಿಗೆ ಎರಡು ಪಟ್ಟಿ! ಆಮೇಲೆ ಪಟ್ಟಿಗೂ ಪಟ್ಟಿಗೂ ಮದುವೆ ಬೇರೆ ಮಾಡಿಸ್ಬೇಕು, ಅಲ್ವಾ? ಕನ್ನಡಕ ಹಣೆ ಮೇಲಿಟ್ಕೊಂಡು ಕನ್ನಡಕ ಹುಡುಕೋ ಜನ ನಿನ್ನ ಕ್ರಮಸಂಖ್ಯೆ ನೆನಪಿಟ್ಕೊಂಡು ಬರ್ತಾರಾ ತಾಯಿ?"

"ಅವರು ನೆನಪಿಡೋದು ಬೇಡ ಅಕ್ಕ. ಹೆಸರಲ್ಲೂ ಹುಡುಕಬಹುದು, ಫೋನಲ್ಲೂ ಹುಡುಕಬಹುದು. ಸಂಖ್ಯೆ ಒಳಗಡೆ ಇರುತ್ತೆ. ಯಾರಿಗೂ ಕಾಣಬೇಕಾಗಿಲ್ಲ."

"ಯಾರಿಗೂ ಕಾಣದೇ ಇರೋದನ್ನ ಯಾಕೆ ಇಡ್ತೀಯಾ?"

ಮಾವ ನಕ್ಕರು. ಗಂಡ ಕೂಡ ನಕ್ಕ. ಡಿಗ್ರಿ ಉತ್ತರ ಹುಡುಕುವಷ್ಟರಲ್ಲಿ ದೊಡ್ಡ ಸೊಸೆ ಗೆದ್ದಾಗಿತ್ತು. ಮಾತಿನಲ್ಲಿ ಗೆಲ್ಲುವುದಕ್ಕೂ ಸರಿ ಇರುವುದಕ್ಕೂ ವ್ಯತ್ಯಾಸ ಇದೆ ಎಂಬುದು ಅವಳ ಅನುಭವಕ್ಕೆ ಇನ್ನೂ ಬಂದಿರಲಿಲ್ಲ.

"ಫೋನ್ ನಂಬರು," ಎಂದಳು. "ಹೆಂಡತಿ ಹೆಸರು ಮರೀತಾರೆ, ಮಾತ್ರೆ ಮರೀತಾರೆ, ಫೋನ್ ನಂಬರು ಮಾತ್ರ ಬಾಯಿಪಾಠ. ನಂಬರು ಹೇಳಿ ಅನ್ನೋದು, ಹುಡುಕು ಅಂತ ಒತ್ತೋದು, ಗೂಡು ಯಾವುದು ಅಂತ ಬರುತ್ತೆ, ಡಬ್ಬಿ ತರೋದು. ಮುಗೀತು."

"ಆದ್ರೆ ಅಕ್ಕ, ಕೆಲವು ಮನೇಲಿ ಒಂದೇ..."

"ಆದ್ರೆ ಗೀದ್ರೆ ಎಲ್ಲ ಪರೀಕ್ಷೆ ಹಾಳೇಲಿ ಬರಿ. ಇದು ಅಂಗಡಿ."

ತಟ್ಟೆ ಮತ್ತೆ ತೊಳೆದಿಟ್ಟ ತಟ್ಟೆಯಾಯಿತು.

ಮಾರನೆಯ ದಿನದಿಂದ ಇಬ್ಬರೂ ಪರದೆಯನ್ನು ಒಳಗೆ ಸಾಗಿಸಿ ಅಚ್ಚಿನ ಕೋಣೆಯಲ್ಲಿ ಕೂತರು. ದೊಡ್ಡ ಸೊಸೆ ಏಣಿ ಹತ್ತಿ ಡಬ್ಬಿ ಇಳಿಸಿ ಚೀಟಿ ಓದುವುದು, ಡಿಗ್ರಿ ತೊಡೆಯ ಮೇಲೆ ಕೀಲಿಮಣೆ ಇಟ್ಟುಕೊಂಡು ಒತ್ತುವುದು. ಓದಿದ್ದಾದ ಮೇಲೆ ಹಳೆ ಚೀಟಿ ಕಿತ್ತು, ಅದೇ ಜಾಗಕ್ಕೆ ಗೂಡಿನ ಸಂಖ್ಯೆ ಅಂಟಿಸುವುದು. ಹೆಸರೂ ಸಂಖ್ಯೆಯೂ ಎರಡೂ ಇದ್ದರೆ ಕಣ್ಣಿಗೆ ಗೊಂದಲ ಎಂದು ದೊಡ್ಡ ಸೊಸೆಯ ಅಪ್ಪಣೆ. ಓದುವಾಗ ಒಬ್ಬೊಬ್ಬರಿಗೂ ಒಂದು ಮಂಗಳಾರತಿ ತಪ್ಪದೆ ಆಗುತ್ತಿತ್ತು. "ಇವರು ನೋಡು, ಮೇಷ್ಟ್ರು. ಮಕ್ಕಳಿಗೆಲ್ಲ ಹಲ್ಲುಜ್ಜಿ ಅಂತ ಪಾಠ ಮಾಡಿದೋರು." "ಈಯಮ್ಮಂಗೆ ಸೆಟ್ಟು ಹಾಕಿದ ಮೇಲೆ ಸೊಸೇನ ಕಚ್ಚೋಕೆ ಅನುಕೂಲ ಆಯ್ತು." ಡಿಗ್ರಿ ನಗಲಿಲ್ಲ. ಒತ್ತಿದಳು.

ಮೊದಲನೆಯ ದಿನವೇ, ಇನ್ನೂ ಮೊದಲ ಸಾಲು ಮುಗಿಯುವ ಮುಂಚೆ, ಪರದೆಯ ಮೇಲೊಂದು ಹಳದಿ ಚೌಕ ಮೂಡಿತು. ಡಿಗ್ರಿ ಗಟ್ಟಿಯಾಗಿ ಓದಿದಳು: "ಈ ನಂಬರಿನ ದಾಖಲೆ ಈಗಾಗಲೇ ಇದೆ. ಅದನ್ನು ಅಳಿಸಿ ಹೊಸದನ್ನು ಬರೆಯಲೇ? ಹೌದು, ಇಲ್ಲ. ಏನು ಒತ್ತಲಿ ಅಕ್ಕ?"

ದೊಡ್ಡ ಸೊಸೆ ಏಣಿಯ ತುದಿಯಲ್ಲಿದ್ದಳು, ಎರಡು ಕೈಯಲ್ಲೂ ಡಬ್ಬಿ, ಮೂಗಿನ ತುಂಬ ಪ್ಲಾಸ್ಟರಿನ ಧೂಳು. ಅವಳ ಲೆಕ್ಕ ಸರಳವಾಗಿತ್ತು. ವಸಡು ಸವೆದರೆ ಜನ ಮತ್ತೆ ಅಚ್ಚು ತೆಗೆಸುತ್ತಾರೆ. ಅದೇ ನಂಬರು ಎರಡನೆಯ ಸಲ ಬಂತೆಂದರೆ ಅದೇ ಮನುಷ್ಯ ಹೊಸ ಅಚ್ಚು ಕೊಟ್ಟಿದ್ದಾನೆ ಎಂದರ್ಥ. ಹಳೆಯದು ಯಾಕೆ?

"ಹೌದು ಅಂತ ಒತ್ತು. ಇಲ್ಲ ಅಂದ್ರೆ ಇಡೀ ದಿನ ಅದೇ ಆಗುತ್ತೆ."

"ಪ್ರತಿ ಸಲ ಹೌದೇನಾ?"

"ಪ್ರತಿ ಸಲ ಹೌದು. ಪ್ರತಿ ಸಲ ನನ್ನ ಕೇಳ್ಬೇಡ. ಒಂದು ಗುಂಡಿ ಒತ್ತೋಕೂ ನನ್ನ ಅಪ್ಪಣೆ ಬೇಕಾ? ಏನು ಓದಿದ್ಯೋ ಏನೋ, ಮಹರಾಯ್ತಿ."

ಡಿಗ್ರಿ ಮತ್ತೆ ಕೇಳಲಿಲ್ಲ. ಹಳದಿ ಚೌಕ ಮೂಡಿದಾಗಲೆಲ್ಲ ಹೌದು ಎಂದು ಒತ್ತಿದಳು.

ಎಲ್ಲ ಡಬ್ಬಿಯೂ ಮುಗಿದ ಮೇಲೆ ದೊಡ್ಡ ಸೊಸೆಗೆ ಇನ್ನೊಂದು ಹುಮ್ಮಸ್ಸು ಬಂತು: ಕೋಣೆ ಖಾಲಿ ಮಾಡುವುದು. ಗೂಡಿನ ಸಂಖ್ಯೆ ಕೂಗುತ್ತಾ ಬಂದಳು. ಕಂಪ್ಯೂಟರಿನಲ್ಲಿ ಆ ಸಂಖ್ಯೆಗೆ ದಾಖಲೆ ಇದ್ದರೆ ಡಬ್ಬಿ ಗೂಡಲ್ಲೇ ಇರುತ್ತಿತ್ತು, ಇಲ್ಲದಿದ್ದರೆ ಹಿತ್ತಿಲಿಗೆ ಹೋಗುತ್ತಿತ್ತು. ದಾಖಲೆಯಿಲ್ಲದ ಅಚ್ಚುಗಳು ಅವಳೆಣಿಸಿದ್ದಕ್ಕಿಂತ ಬಹಳ ಬಂದವು. ಅವಳು ಅದರಿಂದಲೂ ಮಾವನವರ ಅವ್ಯವಸ್ಥೆಯನ್ನೇ ಅಳೆದಳು. "ನೋಡು, ಎಷ್ಟು ಕಸ ಕೂಡಿಟ್ಟಿದ್ರು!" ಹಿತ್ತಿಲಲ್ಲಿ ನಲ್ಲಿಯ ಹತ್ತಿರ ಯಾವಾಗಲೂ ಕೆಸರು ನಿಲ್ಲುವ ಒಂದು ಗುಂಡಿ ಇತ್ತು. ಅಚ್ಚುಗಳನ್ನು ಸುತ್ತಿಗೆಯಿಂದ ಪುಡಿಮಾಡಿ ಅದಕ್ಕೆ ತುಂಬಿಸಿದಳು. ದವಡೆಗಳು ಒಡೆಯುವ ಸದ್ದು ಒಳಗೆ ಕೂತ ಗಂಡನಿಗೂ ಕೇಳಿಸಿತು. ಡಿಗ್ರಿ ಛತ್ರಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದಳು, ಬಿಸಿಲು ಜೋರಾಗಿತ್ತು.

ಗೂಡುಗಳು ಹಗುರಾದವು. ಕೋಣೆಯಲ್ಲಿ ಗಾಳಿ ಆಡಿತು. ನೋಡಿದ ಮಾವನವರು, "ಇದು ನನ್ನ ಕೋಣೇನಾ?" ಎಂದು ಕಣ್ಣರಳಿಸಿ, "ಕೂತ್ಕೋ ಮಗಳೇ, ನಡೆಸಿ ನೋಡು. ತಿಂಗಳು ಕಳೀಲಿ, ಆಮೇಲೆ ಕುರ್ಚಿ ನಿಂದೇ ಅಂತ ನಾಲ್ಕು ಡಾಕ್ಟರಿಗೂ ಹೇಳಿಬಿಡ್ತೀನಿ," ಎಂದರು.

ದೊಡ್ಡ ಸೊಸೆ ಕೂತಳು. ಕೂತ ಮೇಲೆ ಜಗತ್ತು ಇನ್ನಷ್ಟು ಕೆಳಗೆ ಕಂಡಿತು. "ನಂಬರು ಹೇಳಿ" ಎನ್ನುವಳು. ಒತ್ತುವಳು. ಗೂಡು ಬರುವುದು. ಡಬ್ಬಿ ತರಿಸುವಳು. ಬಂದವರು ಬೆರಗಾಗಿ ನೋಡಿದರೆ, "ಏನು ನೋಡ್ತೀರಿ? ನಿಮ್ಮ ಬಾಯೇ ಇದು," ಎನ್ನುವಳು. ಎಲ್ಲ ಸುಸೂತ್ರ. ಸುಸೂತ್ರವಾಗಿದ್ದಕ್ಕೆ ಕಾರಣ, ಆ ತಿಂಗಳು ಬಂದವರೆಲ್ಲ ಪರದೆಯಲ್ಲಿ ಉಳಿದುಕೊಂಡವರೇ ಆಗಿದ್ದರು.

ಹಾಗೆ ನಡೆಯುತ್ತಿರುವಾಗ ಅತ್ತೆ ಬಾಯಿ ತೊಳೆಯುವಾಗ ತಮ್ಮ ಮೇಲಿನ ಸೆಟ್ಟು ಕೈಜಾರಿಸಿದರು. ಕಲ್ಲಿನ ಮೇಲೆ ಬಿದ್ದು ಎರಡಾಯಿತು.

ಅತ್ತೆಯ ಸೆಟ್ಟು ಬರೀ ಸೆಟ್ಟಲ್ಲ. ಮಾವನವರು ತಮ್ಮ ಕೈಯಾರೆ ಮಾಡಿದ್ದು. ಅತ್ತೆಗೆ ಸ್ವಂತ ಹಲ್ಲು ಪೂರ್ತಿ ಇದ್ದಾಗಲೇ, ಕೀಳಿಸುವ ಮುಂಚೆ, ಮಾವ ಅಚ್ಚು ತೆಗೆದಿಟ್ಟುಕೊಂಡಿದ್ದರು. ಮುಂದಿನ ಒಂದು ಹಲ್ಲು ಪಕ್ಕದ್ದರ ಮೇಲೆ ಚೂರು ಹತ್ತಿ ಕೂತಿತ್ತು. ಬೇರೆ ಯಾರಾದರೂ ನೆಟ್ಟಗೆ ಮಾಡಿಬಿಡುತ್ತಿದ್ದರು. ಮಾವ ಹಾಗೇ, ಆ ಹತ್ತಿ ಕೂತ ಹಲ್ಲನ್ನೂ ಸೇರಿಸಿ, ಹೆಂಡತಿಯ ನಗುವನ್ನು ಇದ್ದದ್ದು ಇದ್ದ ಹಾಗೆ ಕಟ್ಟಿಕೊಟ್ಟಿದ್ದರು. ಅತ್ತೆ ಅದನ್ನು ಜಂಬದಿಂದ ಹಾಕಿಕೊಳ್ಳುತ್ತಿದ್ದರು. ನೋಡಿದವರು "ನಿಮ್ಮದು ಸ್ವಂತ ಹಲ್ಲಾ?" ಎಂದು ಕೇಳಿದರೆ, ಹೌದು ಎಂದೂ ಅನ್ನದೆ, ಇಲ್ಲ ಎಂದೂ ಅನ್ನದೆ ನಗುತ್ತಿದ್ದರು.

"ಅಳೋದ್ಯಾಕೆ ಅತ್ತೆ? ಅಚ್ಚಿದೆ. ಹಾಗೇ ಇನ್ನೊಂದು," ಎಂದಳು ದೊಡ್ಡ ಸೊಸೆ. ಮನೆಯವರೆದುರು ತೋರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಎಲ್ಲಿ? ಮನೆಯ ನಂಬರು ಒತ್ತಿದಳು, ಹುಡುಕು ಎಂದಳು, ಗೂಡಿನ ಸಂಖ್ಯೆ ಬಂದದ್ದೇ ತಡ, ಹೆಸರು ಓದುವ ತಾಳ್ಮೆಯೂ ಇಲ್ಲದೆ ಡಬ್ಬಿ ತಂದು ಗಂಡನ ಮುಂದಿಟ್ಟಳು. ಆತ ಅಚ್ಚನ್ನು ತಿರುಗಿಸಿ ನೋಡಿ, "ಇದು ಸ್ವಲ್ಪ ಅಗಲ ಇಲ್ವಾ?" ಎಂದ. "ವಯಸ್ಸಾದ ಮೇಲೆ ಅಗಲ ಆಗುತ್ತೆ," ಎಂದಳು. ಯಾವ ಬಾಯಿಯೂ ವಯಸ್ಸಾದ ಮೇಲೆ ಅಗಲವಾಗುವುದಿಲ್ಲ ಎಂದು ಆತನಿಗೆ ಗೊತ್ತಿತ್ತು. ಹೆಂಡತಿ ಹೇಳಿದ ಮೇಲೆ ಗೊತ್ತಿರುವುದನ್ನು ಬದಿಗಿಡುವುದೂ ಆತನಿಗೆ ಗೊತ್ತಿತ್ತು. ಕೆಲಸ ಶುರುಮಾಡಿದ.

ಸೆಟ್ಟು ತಯಾರಾದ ದಿನ ಎಲ್ಲರೂ ಅಂಗಡಿಯಲ್ಲಿ ಸೇರಿದರು. ಅತ್ತೆ ಕನ್ನಡಿ ಹಿಡಿದು, ಬಾಯಗಲಿಸಿ, ಸೆಟ್ಟನ್ನು ಒಳಗೆ ತುರುಕಿದರು. ಅದು ಹೋಯಿತು ಅನ್ನುವುದಕ್ಕಿಂತ ಅವರ ಮುಖವೇ ಅದರ ಮೇಲೆ ಹೋಗಿ ಕೂತಿತು. ಮೇಲಿನ ತುಟಿ ಚಪ್ಪರದ ಹಾಗೆ ಎದ್ದು ನಿಂತಿತು. ಕೆನ್ನೆಗಳು ಎರಡೂ ಕಡೆಗೆ ತಳ್ಳಿಕೊಂಡವು. ದೊಡ್ಡ ದೊಡ್ಡ ಚೌಕ ಹಲ್ಲುಗಳು ಸಿಪಾಯಿಗಳಂತೆ ಸಾಲಾಗಿ ಹೊರಗೆ ನೋಡಿದವು.

ಅತ್ತೆ ಕನ್ನಡಿಯನ್ನೇ ನೋಡಿದರು. ಆಮೇಲೆ ತಮ್ಮ ಗಂಡನ ಕಡೆ ತಿರುಗಿ ಹಲ್ಲು ಬಿಟ್ಟರು. ಮಾವ ಗಾಬರಿಯಾಗಿ ತಮ್ಮ ಬಾಯಲ್ಲಿದ್ದ ಸೆಟ್ಟನ್ನು ಕೈಯಿಂದ ಮುಟ್ಟಿ ನೋಡಿಕೊಂಡರು.

"ಇದು ನಂದು," ಎಂದರು.

ಹಲಗೆಯ ಗೋಡೆಯ ಹತ್ತಿರ ನಿಂತಿದ್ದ ಮೈದುನ ನಗು ತಡೆಯಲಾಗದೆ ಬೀದಿಗೆ ಓಡಿದ. ಉಳಿದವರು ಯಾರೂ ನಗಲಿಲ್ಲ.

ದೊಡ್ಡ ಸೊಸೆ ಪರದೆಗೆ ಬಗ್ಗಿದಳು. ಮನೆಯ ನಂಬರಿಗೆ ಒಂದೇ ದಾಖಲೆ, ಅದರಲ್ಲಿ ಮಾವನವರ ಹೆಸರು. ಅತ್ತೆಯ ಹೆಸರು ಒತ್ತಿದಳು. 'ಯಾವ ದಾಖಲೆಯೂ ಇಲ್ಲ.' ಮತ್ತೊಮ್ಮೆ ಒತ್ತಿದಳು. ಯಂತ್ರಕ್ಕೆ ಅವಳ ಹಾಗೆ ಮಾತು ಬದಲಿಸಲು ಬರುತ್ತಿರಲಿಲ್ಲ.

"ಎಂಥ ದರಿದ್ರ ತಂತ್ರಾಂಶ ತಂದಿದಾನೆ ಇವನು!"

"ತಂತ್ರಾಂಶ ಸರಿಯಾಗಿದೆ ಅಕ್ಕ," ಎಂದಳು ಡಿಗ್ರಿ. ದನಿ ಎಂದಿನ ಹಾಗೇ ಇತ್ತು. "ಮಾವಂದೂ ಅತ್ತೇದೂ ಒಂದೇ ಫೋನು. ಅತ್ತೇದು ಮೊದಲು ಬರೆದ್ವಿ. ಆಮೇಲೆ ಮಾವಂದು ಬಂತು. ಹೌದು ಅಂತ ಒತ್ತಿದೆ. ಅತ್ತೆ ಹೋದ್ರು, ಮಾವ ಬಂದ್ರು. ಗಂಡ ಹೆಂಡತಿ ಇಬ್ಬರಿಗೂ ನಾವೇ ಸೆಟ್ಟು ಮಾಡಿ, ಫೋನು ಒಂದೇ ಇದ್ರೆ, ಅಲ್ಲೆಲ್ಲ ಹೀಗೇ. ಒಬ್ಬರು ಇದಾರೆ, ಒಬ್ಬರು ಇಲ್ಲ."

"ಇಲ್ಲ ಅಂದ್ರೆ?" ಎಂದರು ಮಾವ.

"ದಾಖಲೆ ಇಲ್ದೇ ಇದ್ದ ಡಬ್ಬಿಗಳನ್ನ ಅಕ್ಕ ಹಿತ್ತಿಲಲ್ಲಿ ಒಡೆದ್ರಲ್ಲ ಮಾವ. ಅವೇ."



ದೊಡ್ಡ ಸೊಸೆಗೆ ಕೆಳಗೆ ನೆಲ ಇದೆಯೋ ಇಲ್ಲವೋ ಅನ್ನಿಸಿತು. ಆದರೆ ಅವಳ ನಾಲಿಗೆಗೆ ನೆಲ ಬೇಕಾಗಿರಲಿಲ್ಲ. "ನಿಂಗೆ ಇದು ಯಾವಾಗ ಗೊತ್ತಾಯ್ತು?"

"ಮೊದಲನೇ ದಿನವೇ."

"ಮೊದಲನೇ ದಿನ! ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ?"

"ಪ್ರತಿ ಸಲ ಕೇಳ್ಬೇಡ ಅಂದ್ರಿ ಅಕ್ಕ."

"ಸುತ್ತಿಗೇಲಿ ಹೊಡೀವಾಗ ಪಕ್ಕದಲ್ಲೇ ನಿಂತಿದ್ಯಲ್ಲೇ!"

"ಛತ್ರಿ ಹಿಡ್ಕೊಂಡಿದ್ದೆ."

ಅಷ್ಟು ಹೇಳಿದಾಗ ಮೊಟ್ಟಮೊದಲ ಬಾರಿಗೆ ಆ ತಟ್ಟೆಯ ಮೇಲೆ ಏನೋ ಮೂಡಿತು. ಸಣ್ಣದೊಂದು ನಗು, ಬಹಳ ದಿನ ಕಾದು, ತಣ್ಣಗೆ ಬಡಿಸಿದ ನಗು. ದೊಡ್ಡ ಸೊಸೆ ಅದನ್ನು ನೋಡಿ ಬೆಚ್ಚಿದಳು. ತಾನು ಇಷ್ಟು ದಿನ ಈ ಹುಡುಗಿಯನ್ನು ಹಗುರವಾಗಿ ಕಂಡಿದ್ದರೆ, ಅವಳು ತನ್ನನ್ನು ಅದಕ್ಕಿಂತ ಕೀಳಾಗಿ, ಮಾತೇ ಆಡದೆ, ಮನಸ್ಸಿಟ್ಟು ಕಂಡಿದ್ದಳು. ತನ್ನದು ಬಾಯಿಚಪಲದ ತಾತ್ಸಾರ, ಅವಳದು ಕಸುಬುದಾರಿಕೆಯ ತಾತ್ಸಾರ.

ಮಾವನವರು ಎದ್ದು ಹಿತ್ತಿಲಿಗೆ ಹೋದರು. ಕಿಟಕಿಯಿಂದ ಕಾಣುತ್ತಿತ್ತು. ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಕಡ್ಡಿಯಿಂದ ಬಿಳಿ ಚೂರುಗಳನ್ನು ಕೆದಕುತ್ತಿದ್ದರು. ಒಂದೊಂದನ್ನೇ ಎತ್ತಿ, ಉಜ್ಜಿ, ಬೆಳಕಿಗೆ ಹಿಡಿದು, ಪಕ್ಕಕ್ಕಿಡುತ್ತಿದ್ದರು. ಯಾವ ಬಾಯಿ ಯಾವ ಗೂಡಲ್ಲಿತ್ತು ಎಂಬುದನ್ನು ಮರೆತ ಮನುಷ್ಯ, ಹತ್ತಿ ಕೂತ ಆ ಒಂದು ಹಲ್ಲನ್ನು ಮಾತ್ರ ಮರೆತಿರಲಿಲ್ಲ. ಅಲ್ಲಿ ಅದು ಸಿಗಲಿಲ್ಲ. ಸುತ್ತಿಗೆಯ ಕೆಲಸವನ್ನು ದೊಡ್ಡ ಸೊಸೆ ಅಚ್ಚುಕಟ್ಟಾಗಿಯೇ ಮಾಡಿದ್ದಳು.

ಕೈ ತೊಳೆದುಕೊಂಡು ಬಂದವರು ಮೇಜಿನ ಮುಂದೆ ನಿಂತರು. "ಕುರ್ಚಿ ಯಾರಿಗೆ ಬೇಕೋ ತಗೊಳ್ಳಿ," ಎಂದರು. "ನಂಗೆ ಇನ್ನು ಅದರ ಗೋಜು ಬೇಡ."

ನೋಡಿ, ವಿಚಿತ್ರ ನಡೆದದ್ದು ಆಗ. ದೊಡ್ಡ ಸೊಸೆ ಸರಸರನೆ ಲೆಕ್ಕ ಹಾಕಿದಳು. ಇನ್ನು ಮುಂದೆ ಒಬ್ಬೊಬ್ಬರೇ ಮುರಿದ ಸೆಟ್ಟು ಹಿಡಿದು ಆ ಮೆಟ್ಟಿಲು ಹತ್ತಿ ಬರುತ್ತಾರೆ. ಒಬ್ಬೊಬ್ಬರಿಗೂ, ನಿಮ್ಮ ಬಾಯಿಯನ್ನು ಒಡೆದು ಗುಂಡಿಗೆ ತುಂಬಿಸಿದ್ದೇವೆ, ಮತ್ತೆ ಡಾಕ್ಟರ ಹತ್ತಿರ ಹೋಗಿ ಎಂದು ಹೇಳಬೇಕು. ಹೇಳುವವರು ಕುರ್ಚಿಯಲ್ಲಿ ಕೂತವರೇ. ಅವಳು ಕುರ್ಚಿಯಿಂದ ಜಾಣತನದಿಂದ ಎದ್ದು, ದನಿಯಲ್ಲಿ ಬೆಣ್ಣೆ ಸವರಿಕೊಂಡಳು.

"ಡಿಗ್ರೀನೇ ಕೂತ್ಕೊಳ್ಲಿ ಮಾವ. ಓದಿದೋಳು. ಅವಳು ಹೇಳಿದ್ದೇ ಸರಿಯಾಗಿತ್ತು ಅಲ್ವಾ? ಕ್ರಮಸಂಖ್ಯೆ. ನಾನು ಒಪ್ಕೋತೀನಪ್ಪ."

ಡಿಗ್ರಿಯ ಲೆಕ್ಕ ಅವಳಿಗಿಂತ ಮೊದಲೇ ಮುಗಿದಿತ್ತು. "ಎಲ್ಲಾದ್ರೂ ಉಂಟಾ ಅಕ್ಕ? ನೀವು ದೊಡ್ಡೋರು. ಜನ ಎಲ್ಲ ನಿಮಗೇ ಪರಿಚಯ. ನಾನು ಒಳಗಡೆ ಪ್ಲಾಸ್ಟರು ಕಲಸ್ಕೊಂಡು ಇರ್ತೀನಿ."

"ನಿಂಗೆ ಪ್ಲಾಸ್ಟರು ಯಾಕೆ ತಾಯಿ, ಕೈ ಒಡೆಯುತ್ತೆ. ಕೂತ್ಕೋ, ಕೂತ್ಕೋ."

"ನಿಮ್ಮ ಮುಂದೆ ನಾನು ಕೂತ್ರೆ ಚೆನ್ನಾಗಿರಲ್ಲ ಅಕ್ಕ."

ಇಷ್ಟು ದಿನ ಇಬ್ಬರ ನಡುವೆ ಇಲ್ಲದ ಮರ್ಯಾದೆ ಒಂದೇ ಸಲ ಉಕ್ಕಿ ಹರಿಯಿತು. ಕುರ್ಚಿ ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ತಳ್ಳಿಸಿಕೊಂಡಿತು. ಗಂಡ ಹಲಗೆಯಾಚೆಯಿಂದ ತಲೆ ಇಣುಕಿಸಿ, ಮತ್ತೆ ಒಳಗೆಳೆದುಕೊಂಡ.

ಅತ್ತೆ ಬಾಯಿಂದ ಮಾವನ ಹಲ್ಲು ತೆಗೆದು ಮೇಜಿನ ಮೇಲೆ ಟಕ್ಕನೆ ಇಟ್ಟರು. ಅವರು ಮಾತಾಡುವುದು ಕಡಿಮೆ. ಬೋಡು ಬಾಯಲ್ಲಿ ಯಾರೆದುರೂ ಮಾತಾಡಿದ್ದೇ ಇಲ್ಲ. ಇವತ್ತು ಆಡಿದರು.

"ಇವಳಿಗೆ ಕಣ್ಣಿಲ್ಲ, ಅವಳಿಗೆ ಕರುಳಿಲ್ಲ. ಇಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ರೂ ಒಬ್ಬ ಮನುಷ್ಯಳು ಆಗಲ್ಲ." ಮಾವ ಏನೋ ಹೇಳಹೋದರು. "ನೀವು ಸುಮ್ಮನಿರ್ರೀ. ಕುರ್ಚಿ ಬಹುಮಾನ ಅಂತ ಆಸೆ ತೋರಿಸಿದ್ದೇ ನೀವು. ದೊಡ್ಡವಳೇ, ಕೂತ್ಕೋ. ಇಷ್ಟು ವರ್ಷ ಬೇಕು ಬೇಕು ಅಂತ ಬಾಯಿ ಬಿಟ್ಕೊಂಡಿದ್ದೆಯಲ್ಲ, ಈಗ ಕೂತ್ಕೋ. ಚಿಕ್ಕವಳೇ, ನೀನು ಪಕ್ಕದಲ್ಲಿ ನಿಂತ್ಕೋ. ಅವಳಿಗೆ ಬೀಳೋ ಮಾತೆಲ್ಲ ನಿನ್ನ ಕಿವಿಗೂ ಬೀಳ್ಲಿ. ಮೊದಲು ಎಲ್ಲ ಮನೆಗೂ ಫೋನ್ ಮಾಡಿ. ಸೆಟ್ಟು ಒಡೆದ ಮೇಲೆ ಹೇಳೋದಲ್ಲ, ಈಗಲೇ ಹೇಳಿ. ನಿಮ್ಮ ಮನೇಲಿ ಯಾರ್ಯಾರಿದೀರಿ ಅಂತ ಕೇಳಿ."

ಹಾಗೆ ದೊಡ್ಡ ಸೊಸೆಗೆ ಕುರ್ಚಿ ಸಿಕ್ಕಿತು. ಕೇಳಿದ್ದೇ ಸಿಕ್ಕಿತು, ಯಾವ ಕೊರತೆಯೂ ಇಲ್ಲದೆ.

ಫೋನು ಮಾಡಿದ ಮೇಲೆ ಮೊದಲು ಬಂದವರು ಒಬ್ಬ ಪುಟ್ಟ ಮುದುಕಿ. ಹಿಂದೆ ಅವರ ಯಜಮಾನರು, ಅವರ ಕೈಯಲ್ಲಿ ಚೀಲ. ಯಜಮಾನರು ಪರದೆಯಲ್ಲಿದ್ದರು. ಮುದುಕಿ ಇರಲಿಲ್ಲ. ದೊಡ್ಡ ಸೊಸೆ ನಿಂತು ಸ್ವಾಗತಿಸಿದಳು, ಕೂರಿಸಿದಳು, ಗಂಟಲು ಸರಿಮಾಡಿಕೊಂಡಳು.

"ಅದೇ ಅಮ್ಮ, ಫೋನಲ್ಲಿ ಹೇಳಿದ ಹಾಗೆ. ನಿಮ್ಮದೂ ಯಜಮಾನ್ರದ್ದೂ ಒಂದೇ ನಂಬರಲ್ವಾ. ಅದಕ್ಕೇ ಹಾಗಾಯ್ತು."

ಮುದುಕಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬಟ್ಟೆ ಅಂಗಡಿಯಲ್ಲಿ ಹರಿದ ತುಂಡನ್ನು ನೋಡುವ ನೋಟ.

"ಫೋನ್ ಒಂದೇ ಇದ್ರೆ ಬಾಯೂ ಒಂದೇನಾ? ನಮ್ಮ ಮನೇಲಿ ಬಾಗಿಲೂ ಒಂದೇ ಇದೆ ತಾಯಿ. ಹಾಗಂತ ಒಬ್ಬರು ಒಳಗೆ ಬಂದ್ರೆ ಇನ್ನೊಬ್ಬರನ್ನ ಆಚೆ ದಬ್ತೀವಾ?"

"ಇಲ್ಲಮ್ಮ, ಅದು..."

"ಮಾತಾಡ್ತಿದೀನಿ. ಈ ಮನುಷ್ಯನ ಜೊತೆ ಒಂದು ಆಯುಸ್ಸು ಕಳೆದಿದೀನಿ. ಎಷ್ಟು ಪ್ರಯತ್ನ ಪಟ್ಟರೂ ಇವರ ಕೈಲಿ ನನ್ನ ಅಳಿಸಕ್ಕೆ ಆಗಲಿಲ್ಲ. ನೀನು ಒಂದು ಗುಂಡಿ ಒತ್ತಿ ಅಳಿಸಿಬಿಟ್ಟೆ. ಬಹಳ ಓದಿದೀಯಾ?"

"ನಾನಲ್ಲ ಓದಿರೋದು, ಇವಳು," ಎನ್ನುವುದು ದೊಡ್ಡ ಸೊಸೆಯ ನಾಲಿಗೆಯ ತುದಿಯವರೆಗೆ ಬಂದು ನಿಂತಿತು. ಪಕ್ಕದಲ್ಲಿ ಡಿಗ್ರಿ ನೆಲ ನೋಡುತ್ತಿದ್ದಳು; ತಟ್ಟೆ ಕೆಂಪಾಗಿತ್ತು. ಕಿವಿ ಸುಡುತ್ತಿದ್ದರೂ ದೊಡ್ಡ ಸೊಸೆಗೆ ಒಳಗೊಳಗೇ ಒಪ್ಪಿಕೊಳ್ಳದೆ ಇರಲಾಗಲಿಲ್ಲ. ಎಂಥ ಬೈಗುಳ! ಎಲ್ಲೂ ಒಂದು ಮಾತು ಹೆಚ್ಚಿಲ್ಲ. ಇಷ್ಟು ವರ್ಷ ತಾನು ಬೈದದ್ದೆಲ್ಲ ಇದರ ಮುಂದೆ ಬರೀ ಕೆಮ್ಮು.

"ತಪ್ಪಾಯ್ತಮ್ಮ," ಎಂದಳು. ಆ ಮಾತು ಬಾಯಿಂದ ಹೊರಡುವಾಗ, ಅಳತೆ ತಪ್ಪಿದ ಸೆಟ್ಟು ತೆಗೆದಷ್ಟೇ ನೋವಾಯಿತು. "ಡಾಕ್ಟರ ಹತ್ರ ನಾವೇ ಕರ್ಕೊಂಡು ಹೋಗಿ ಹೊಸ ಅಚ್ಚು ತೆಗೆಸ್ತೀವಿ. ಡಿಗ್ರಿ, ಬರ್ಕೋ. ಹೊಸ ಕ್ರಮಸಂಖ್ಯೆ. ಯಜಮಾನ್ರದ್ದು ಬೇರೆ, ಅಮ್ಮಂದು ಬೇರೆ."

ಡಿಗ್ರಿ ಯಜಮಾನರ ಹೆಸರು ಒತ್ತಲು ಶುರುಮಾಡಿದಳು.

"ನಂದು ಮೊದಲು ಬರಿ," ಎಂದರು ಮುದುಕಿ. "ಅವರದು ಹೇಗೂ ಇತ್ತಲ್ಲ." ಚೀಲದಿಂದ ಕನ್ನಡಕ ತೆಗೆಸಿ ಹಾಕಿಕೊಂಡು, ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ತಮ್ಮ ಹೆಸರನ್ನು ಓದತೊಡಗಿದರು. ಅವಸರವೇ ಇರಲಿಲ್ಲ. ಬಾಗಿಲಾಚೆ ಮೆಟ್ಟಿಲ ಮೇಲೆ ಇನ್ನೊಂದು ಜೋಡಿ ಬಂದು ನಿಂತಿತ್ತು, ಅವರ ಹಿಂದೆ ಮತ್ತೊಂದು. ದೊಡ್ಡ ಸೊಸೆಗೆ ಒಳಗೆ ಗಂಡ ಪ್ಲಾಸ್ಟರು ಕಲಸುವ ಸದ್ದು ಕೇಳಿ ಹೊಟ್ಟೆ ಉರಿಯಿತು. ಆದರೆ ಕುರ್ಚಿ ಅವಳದು, ಎದ್ದು ಹೋಗುವ ಹಾಗಿರಲಿಲ್ಲ.